ಎಲೆಯ ಮರೆಯ ಹಕ್ಕಿಯ ಚಿತ್ರ ತೆಗೆಯುವ ಬಗೆ

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು, ಅವರಿಗಿಂತ ಹೆಚ್ಚಾಗಿ ಅವರ ಮಕ್ಕಳು, ಈಗ ತೋಟಕ್ಕೆ ಹೋಗುವಾಗ ಕ್ಯಾಮೆರಾ ಒಯ್ಯುತ್ತಾರೆ. ಸಂಘದ ಕಛೇರಿಗೆ ಬಂದಾಗ ಚಿತ್ರ ತೋರಿಸಿ ಹೇಳುವ ದೂರು ಒಂದೇ: "ಹಕ್ಕಿ ಚೆನ್ನಾಗಿತ್ತು, ಎಲೆ ಅಡ್ಡ ಬಂತು." ನೆರಳುಮರ, ಕಾಫಿ, ಅಡಿಕೆ, ಮೆಣಸಿನ ಬಳ್ಳಿ ಒತ್ತಾಗಿ ಬೆಳೆದಿರುವಲ್ಲಿ ಎಲೆ ಅಡ್ಡ ಬಾರದ ಹಕ್ಕಿ ಸಿಗುವುದೇ ಅಪರೂಪ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಿಗೂ (1938–2007) ಇದ್ದದ್ದು ಇಂಥ ತೋಟವೇ. ಆದುದರಿಂದ ಎಲೆಯನ್ನು ವೈರಿಯೆಂದು ತಿಳಿಯದೆ ಚಿತ್ರದ ಭಾಗವಾಗಿ ಬಳಸುವುದನ್ನು ಕಲಿಯಬೇಕು. ಇದಕ್ಕೆ ನಾಲ್ಕು ಸೂತ್ರಗಳನ್ನು ನೆನಪಿಟ್ಟರೆ ಸಾಕು.

1. ಕಣ್ಣು ಕಾಣಬೇಕು. ಬಾಲ, ರೆಕ್ಕೆ, ಹೊಟ್ಟೆ ಮರೆಯಾದರೂ ಚಿಂತೆಯಿಲ್ಲ. ಕಣ್ಣು ಮತ್ತು ಕೊಕ್ಕು ಸ್ಪಷ್ಟವಾಗಿದ್ದರೆ ಉಳಿದುದನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುತ್ತದೆ. ಕುಟ್ರು ಹಕ್ಕಿಯನ್ನು ನೋಡಿರಿ: ಹಸಿರು ಮೈ ಹಸಿರೆಲೆಯಲ್ಲಿ ಕರಗಿದರೂ ಕಂದು ತಲೆ, ಬಿಳಿ ಕೆನ್ನೆ ಕಂಡರೆ ಗುರುತು ಸಿಕ್ಕಿತು.

2. ಎಲೆ ಎಲ್ಲಿದೆ ಎಂದು ಗಮನಿಸಿರಿ. ಲೆನ್ಸಿಗೆ ಬಹಳ ಹತ್ತಿರವಿರುವ ಎಲೆ, ಅಪರ್ಚರ್ ಅಗಲವಾಗಿದ್ದರೆ (ಎಫ್ 4 ಅಥವಾ 5.6), ಕರಗಿ ಹಸಿರು ಮಂಜಿನಂತಾಗುತ್ತದೆ. ಅದು ಚಿತ್ರಕ್ಕೆ ಶೋಭೆ. ಹಕ್ಕಿಯ ಸಮೀಪದ ಎಲೆ ಮಾತ್ರ ಗಡಸಾಗಿ ಮೂಡುತ್ತದೆ. ಅದು ಮುಖದ ಮೇಲೆ ಬೀಳಬಾರದು. ಕ್ಯಾಮೆರಾ ತಾನಾಗಿ ಫೋಕಸ್ ಮಾಡುವಾಗ ಮುಂದಿನ ಎಲೆಯನ್ನೇ ಹಿಡಿಯುವುದುಂಟು. ಒಂದೇ ಫೋಕಸ್ ಬಿಂದುವನ್ನು ಆರಿಸಿ ಕಣ್ಣಿನ ಮೇಲಿಡಿರಿ, ಇಲ್ಲವೇ ಕೈಯಿಂದ ತಿರುಗಿಸಿರಿ.

3. ಚೌಕಟ್ಟು ಹಕ್ಕಿಯನ್ನು ಕತ್ತರಿಸಬಾರದು. ಬಾಲವನ್ನು ಎಲೆ ಮುಚ್ಚಿದರೆ ಸಹಜ, ಚಿತ್ರದ ಅಂಚು ಕತ್ತರಿಸಿದರೆ ತಪ್ಪು. ಹಕ್ಕಿ ನೋಡುತ್ತಿರುವ ದಿಕ್ಕಿಗೆ ಜಾಗ ಬಿಡಿರಿ.

4. ಎಲೆಯನ್ನು ಸರಿಸಬೇಡಿ, ನೀವು ಸರಿಯಿರಿ. ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಹೋದರೆ, ಇಲ್ಲವೇ ಮೊಣಕಾಲೂರಿ ಕುಳಿತರೆ ಕಿಂಡಿ ಸಿಗುತ್ತದೆ. ಸಿಗದಿದ್ದರೆ ಆ ದಿನ ಚಿತ್ರವಿಲ್ಲ ಎಂದು ಒಪ್ಪಿಕೊಳ್ಳಬೇಕು.

ಈ ನಾಲ್ಕನೆಯದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷಗಳ ಹಿಂದೆ ಹೂಮಳೆಯ ನಂತರ ಕಾಫಿ ಗಿಡವೊಂದರಲ್ಲಿ ಕೆಮ್ಮೀಸೆ ಪಿಕಳಾರದ ಗೂಡು ಸಿಕ್ಕಿತು. ಒಳಗೆ ಎರಡು ಮರಿ. ಎಲೆ ಅಡ್ಡವೆಂದು ಮೂರು ಕೊಂಬೆಗಳನ್ನು ದಾರದಿಂದ ಹಿಂದಕ್ಕೆ ಕಟ್ಟಿದೆ. ಚಿತ್ರ ಬಹಳ ಚೆನ್ನಾಗಿ ಬಂತು. ದಾರ ಬಿಚ್ಚಲು ಮರೆತೆ. ಮರುದಿನ ಹೋದಾಗ ಗೂಡಿನ ಬಳಿಯಿಂದ ಕೆಂಬೂತವೊಂದು ಎದ್ದು ಹೋಯಿತು, ಗೂಡು ಬರಿದಾಗಿತ್ತು. ತಾಯಿಹಕ್ಕಿ ಹುಳು ಕಚ್ಚಿಕೊಂಡು ಅಲ್ಲೇ ಸುತ್ತುತ್ತಿತ್ತು. ಆ ಚಿತ್ರವನ್ನು ನಾನು ಯಾರಿಗೂ ತೋರಿಸಿಲ್ಲ. ನನಗೆ ಅಡ್ಡವಾಗಿದ್ದ ಎಲೆಯೇ ಆ ಮರಿಗಳಿಗೆ ಬಾಗಿಲಾಗಿತ್ತು.

ಮರೆಯೇ ಜೀವವೆಂಬುದಕ್ಕೆ ನಮ್ಮ ನೆರಳುಮರದ ಬೂದು ಮಂಗಟ್ಟೆಗಿಂತ ಬೇರೆ ಸಾಕ್ಷಿ ಬೇಡ. ಹೆಣ್ಣು ಪೊಟರೆಯೊಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಂಡು ಸಣ್ಣ ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಹೊರಗೆ ಕಾಣುವುದು ಕೊಕ್ಕಿನ ತುದಿಯಷ್ಟೇ, ಆದರೂ ಆ ಚಿತ್ರದಲ್ಲಿ ಇಡೀ ಸಂಸಾರವಿದೆ. ಸಮೀಪ ಹೋಗಿ ನಿಂತರೆ ಗಂಡು ಬರಲು ಹೆದರುತ್ತದೆ, ಒಳಗಿನವು ಉಪವಾಸ ಬೀಳುತ್ತವೆ. ದೂರದಲ್ಲಿ ಮರೆಯಾಗಿ ಕುಳಿತು ಬೇಗ ಮುಗಿಸಿ ಬರಬೇಕು. ತೋಟ ನಮ್ಮದೇ ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕದಲಿಸುವುದೂ ಬೇಟೆಯ ಅರ್ಥದಲ್ಲೇ ಸೇರಿದೆ ಎಂಬುದನ್ನು ಸದಸ್ಯರು ಮರೆಯಬಾರದು.

ಅಭ್ಯಾಸಕ್ಕೆ, ಗೂಡಿನಿಂದ ದೂರ, ಅತ್ತಿಹಣ್ಣು ತಿನ್ನಲು ಬಂದ ಕುಟ್ರುವೊಂದನ್ನು ಆರಿಸಿಕೊಳ್ಳಿರಿ. ಅರ್ಧರ್ಧ ಹೆಜ್ಜೆ ಸರಿಯುತ್ತ ಹತ್ತು ಚಿತ್ರ ತೆಗೆದು ಮನೆಯಲ್ಲಿ ಹೋಲಿಸಿ ನೋಡಿರಿ. ಹೆಜ್ಜೆಯ ಬೆಲೆ ತಾನಾಗಿ ತಿಳಿಯುತ್ತದೆ. ಕತ್ತಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿರಿ.