ತೂಕ ಇಳಿದಿದೆ, ಮೆಟ್ಟಿಲು ಹತ್ತಲಾಗುತ್ತಿಲ್ಲ

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. 74 ಕೆ.ಜಿ. ಇದ್ದರು. ಮಂಡಿನೋವಿಗೆ ತೂಕ ಇಳಿಸಬೇಕೆಂದು ಆರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದಾರೆ, ದಿನಾ ವಾಕಿಂಗ್ ಹೋಗುತ್ತಾರೆ. ಈಗ 67 ಕೆ.ಜಿ. ಆದರೆ ಹೊಟ್ಟೆ ಹಾಗೇ ಇದೆ, ಕೈಕಾಲು ಸೊರಗಿವೆ. ಬಸ್ ಹತ್ತಬೇಕಾದರೆ ಕಂಬಿ ಹಿಡಿದು ಮೈ ಎಳೆದುಕೊಳ್ಳುತ್ತಾರೆ. ಇನ್ನೂ ತೂಕ ಇಳಿಸಬೇಕೇ, ಡಾಕ್ಟ್ರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ರಾತ್ರಿ ಊಟವನ್ನು ಇವತ್ತೇ ಶುರು ಮಾಡಿಸಿ. ಸಕ್ಕರೆ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಮಲಗುವುದು ಅಪಾಯ ಕೂಡ.

ನೀವು ಬರೆದಿರುವುದನ್ನು ನೋಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿರುವಂತಿದೆ. ಬೊಜ್ಜು ಉಳಿದು ಸ್ನಾಯು ಕ್ಷೀಣಿಸುವ ಈ ಸ್ಥಿತಿಗೆ ‘ಸಾರ್ಕೋಪೀನಿಕ್ ಒಬೆಸಿಟಿ’ ಎನ್ನುತ್ತೇವೆ. ತೂಕದ ಯಂತ್ರದಲ್ಲಿ ಇದು ಗೊತ್ತಾಗುವುದಿಲ್ಲ. ‘ತೂಕ ಇಳಿಯಿತಲ್ಲ’ ಎಂದು ಮನೆಯವರು ಸಮಾಧಾನಪಡುವುದೇ ನನಗೆ ಆತಂಕದ ವಿಷಯ. ಊಟದ ನಂತರ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಹೀರುವುದು ಸ್ನಾಯುಗಳು; ಅವು ಸೊರಗಿದಷ್ಟೂ ಸಕ್ಕರೆ ಹತೋಟಿ ತಪ್ಪುತ್ತದೆ. ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಭಯ ಬೇರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. ಏಷ್ಯಾದವರಿಗೆಂದು 2019ರಲ್ಲಿ ಗೊತ್ತುಮಾಡಿದ ಅಳತೆಯಂತೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ವೈದ್ಯರಿಗೆ ತೋರಿಸಬೇಕು. ಮಂಡಿನೋವಿನಿಂದಲೂ ತಡವಾಗಬಹುದು, ಅದನ್ನೂ ತಿಳಿಸಿ.

ಇನ್ನು ಊಟ. ನಮ್ಮ ತಟ್ಟೆಯಲ್ಲಿ ಅನ್ನ, ರೊಟ್ಟಿ ಧಾರಾಳ. ಬೇಳೆ ಮಾತ್ರ ತಿಳಿಸಾರಾಗಿ ಬರುತ್ತದೆ. ಅಮ್ಮನಿಗೆ ದಿನಕ್ಕೆ ಸುಮಾರು 65–70 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂದೇ ಹೊತ್ತಿಗೆ ತುಂಬಿಸಲಾಗದು. ಮೂರು ಹೊತ್ತೂ ಗಟ್ಟಿ ಬೇಳೆ, ಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇರಲಿ. ಅದಕ್ಕೂ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಸೋತಿದ್ದರೆ ಈ ಲೆಕ್ಕ ಬದಲಾಗುತ್ತದೆ.

ವಾಕಿಂಗ್ ಬಿಡಬಾರದು, ಆದರೆ ತೊಡೆಗೆ ಬಲ ಬರಲು ಅದೊಂದೇ ಸಾಲದು. 65 ದಾಟಿದ ಬೊಜ್ಜಿನವರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಥ್ಯದ ಜೊತೆ ನಡಿಗೆಯಂಥ ವ್ಯಾಯಾಮ, ಭಾರ ಎತ್ತುವ ವ್ಯಾಯಾಮ ಎರಡನ್ನೂ ಮಾಡಿದವರ ಓಡಾಟವೇ ಹೆಚ್ಚು ಸುಧಾರಿಸಿತು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಎತ್ತರದ ಕುರ್ಚಿಯಿಂದ ಎದ್ದು ಕೂರುವುದು, ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಎತ್ತಿಳಿಸುವುದು – ಇಷ್ಟರಿಂದ, ದಿನ ಬಿಟ್ಟು ದಿನ, ಆರಂಭಿಸಲಿ. ಮಂಡಿನೋವು ಇರುವುದರಿಂದ ಮೊದಲ ಕೆಲವು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಲಿ. ಮೂರು ತಿಂಗಳ ಮೇಲೆ ಕುರ್ಚಿ ಪರೀಕ್ಷೆ, ಸೊಂಟದ ಸುತ್ತಳತೆ ಎರಡನ್ನೂ ಬರೆದು ಕಳಿಸಿ. ಹೊಟ್ಟೆಯ ಬೊಜ್ಜಿನ ವಿಚಾರ ಆಗ ನೋಡೋಣ.