ಸಭೆಯ ಪಾಠ, ಊರಿನ ಪಾಡು

ಪ್ರಶ್ನೆ: ನನ್ನ ಸೋದರಳಿಯ ಬೆಂಗಳೂರಿನಲ್ಲಿ ದೈವಶಾಸ್ತ್ರ ಓದಿ, ಈಗ ಕುಷ್ಟಗಿ ತಾಲೂಕಿನ ಒಂದು ಸಣ್ಣ ಸಭೆಗೆ ಪಾಸ್ಟರ್ ಆಗಿ ಬಂದಿದ್ದಾನೆ. ವಾಕ್ಯ ಚೆನ್ನಾಗಿ ಹೇಳುತ್ತಾನೆ. ಆದರೆ ಸಭೆಯವರು ಜಾತಿ ಪ್ರಮಾಣಪತ್ರ, ಸಂಘದ ಸಾಲ, ಗುಳೆ, ಹೋಟೆಲಿನಲ್ಲಿ ಬೇರೆ ಲೋಟ ಎಂದು ಬಂದರೆ ಪ್ರಾರ್ಥನೆ ಮಾಡುವುದರ ಆಚೆಗೆ ಅವನಿಗೆ ಏನೂ ತೋಚುವುದಿಲ್ಲ. ಚರ್ಚಿನ ತರಬೇತಿಯಲ್ಲೇ ಸಮಾಜ, ರಾಜಕೀಯವನ್ನೂ ಕಲಿಸಬೇಕಲ್ಲವೇ? ಹಾಗೆ ಮಾಡಿದರೆ ಸಭೆಯೊಳಗೆ ರಾಜಕೀಯ ತಂದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಸಂದೇಹವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸಭೆಯ ಹಿರಿಯರು ಬಾಯಿ ಕಟ್ಟಿಕೊಳ್ಳುವುದು ಅಲ್ಲಿಯೇ. ಕೊಪ್ಪಳ ಸೀಮೆಯ ಸಭೆಗೆ ರಾಜಕೀಯವನ್ನು ಯಾರೂ ಹೊಸದಾಗಿ ತರಬೇಕಿಲ್ಲ. ಭಾನುವಾರ ಆರಾಧನೆಗೆ ಬಂದು ಕೂರುವ ಮಂದಿ ವಾರವಿಡೀ ಅದರೊಳಗೇ ಬದುಕುತ್ತಾರೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದ ಅಂಗಡಿಗೂ ಹೋಟೆಲಿಗೂ ದಲಿತರನ್ನು ಬಿಟ್ಟುಕೊಳ್ಳದ ಜಗಳ 2014ರ ಆಗಸ್ಟ್ 28ರಂದು ಗುಡಿಸಲುಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ನಿಮ್ಮ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಮಗು ಗುಡಿಯೊಳಗೆ ಓಡಿತೆಂದು ಮನೆಯವರಿಗೆ ದಂಡ ಕೇಳಿದರು. ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ 2024ರ ಆಗಸ್ಟ್‌ನಲ್ಲಿ ಕ್ಷೌರದ ಅಂಗಡಿಗೆ ಹೋದ ದಲಿತ ಯುವಕನ ಕೊಲೆಯೇ ಆಯಿತು. ಇಂಥ ಊರುಗಳ ನಡುವೆ ನಿಂತು, ಎಲ್ಲರೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವರು ಎಂದು ಬೋಧಿಸುವವನು ಆಗಲೇ ಒಂದು ಪಕ್ಕ ಹಿಡಿದಿದ್ದಾನೆ. ಅದರ ಹೊಣೆ ಹೊರುವುದು ಹೇಗೆಂದು ತರಬೇತಿ ಅವನಿಗೆ ಹೇಳಿಕೊಟ್ಟಿಲ್ಲ, ಅಷ್ಟೇ.

ಈ ಕೊರತೆ ನಿಮ್ಮ ಅಳಿಯನದಲ್ಲ. ಬೆಂಗಳೂರಿನಲ್ಲಿ ಈ ವಿಚಾರದ ಮೇಲೆ ಚಿಂತನೆ ನಡೆದದ್ದು ಕಡಿಮೆಯೇನೂ ಅಲ್ಲ. ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದೇ 1957ರಲ್ಲಿ ಅಲ್ಲಿ ಕ್ರೈಸ್ತ ಸಂಸ್ಥೆಯೊಂದು ಹುಟ್ಟಿತು. ಪಿ.ಡಿ. ದೇವನಂದನ್ ಅದರ ಮೊದಲ ನಿರ್ದೇಶಕರು. ಅವರ ನಂತರ ಬಂದ ಎಂ.ಎಂ. ಥಾಮಸ್ ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಬರೆದವರು. 1981ರಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಎಂಬ ಹೊಸ ದಾರಿಯೇ ತೆರೆಯಿತು. ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಬಡವರ ದುಃಖ ಧರ್ಮಸಭೆಯ ದುಃಖವೂ ಹೌದೆಂದು ಸಾರಿತ್ತು. ಆದರೆ ಈ ಚರ್ಚೆಯ ಬಹುಪಾಲು ನಡೆದದ್ದು ಇಂಗ್ಲಿಷಿನಲ್ಲಿ. ಪರೀಕ್ಷೆಗೆ ಓದಿದ ಹುಡುಗ ಅದನ್ನು ಉತ್ತರ ಪತ್ರಿಕೆಯಲ್ಲಿ ಬರೆದು ಬಂದ. ಹನುಮಸಾಗರದ ಸಂತೆಯಲ್ಲೋ ತಾವರಗೇರಾದ ಬಸ್ ನಿಲ್ದಾಣದಲ್ಲೋ ನಿಂತು ಅದನ್ನೇ ಕನ್ನಡದಲ್ಲಿ ಹೇಳು ಎಂದರೆ ಅವನ ಬಾಯಿ ಕಟ್ಟುತ್ತದೆ.

ಇಲ್ಲಿ ನನಗೆ ಉತ್ತಂಗಿ ಚನ್ನಪ್ಪನವರ ನೆನಪು ಬಲವಾಗಿ ಬರುತ್ತದೆ. ಅವರು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಕಲಿತ ಸಭಾಪಾಲಕರು. ಧಾರವಾಡ, ಹುಬ್ಬಳ್ಳಿ, ಗದಗ ಭಾಗದಲ್ಲಿ ದುಡಿದವರು. ಸೇವೆಗಾಗಿ ಹಳ್ಳಿ ಸುತ್ತುತ್ತಲೇ ಜನರ ಬಾಯಲ್ಲಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಅನುಭವ ಮಂಟಪದ ಬಗ್ಗೆ ಶ್ರದ್ಧೆಯಿಂದ ಬರೆದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಕೊಪ್ಪಳವೂ ಅದೇ ಸಂಸ್ಥಾನದೊಳಗಿತ್ತು. ಅಂಥ ಹೊತ್ತಿನಲ್ಲಿ ಈ ನಾಡಿನ ಕನ್ನಡಿಗರು ಒಬ್ಬ ಪಾದ್ರಿಯನ್ನು ತಮ್ಮ ಹಿರಿಯನೆಂದು ಕೂರಿಸಿದ್ದನ್ನು ಇಂದಿನ ಸೆಮಿನರಿಗಳು ಗಂಭೀರವಾಗಿ ಯೋಚಿಸಬೇಕು. ಉತ್ತಂಗಿಯವರು ತಮ್ಮ ನಂಬಿಕೆಯನ್ನು ಬಚ್ಚಿಡಲಿಲ್ಲ. ಜನರ ಮಾತು, ಜನರ ಪದ, ಜನರ ನೆನಪನ್ನು ಬೈಬಲಿನಷ್ಟೇ ಶ್ರಮಪಟ್ಟು ಓದಿದರು. ಸರ್ವಜ್ಞನನ್ನೂ ಬಸವಣ್ಣನನ್ನೂ ಓದದೆ, ಕೊಪ್ಪಳ ಜಿಲ್ಲೆಯ ಸಭೆಗೆ ಪಾಸ್ಟರ್ ಆಗಿ ಹೋಗುವುದನ್ನು ನಾನು ಅರ್ಧ ತರಬೇತಿ ಎನ್ನುತ್ತೇನೆ. ಜಾತಿಯ ವಿರುದ್ಧ ಕನ್ನಡದಲ್ಲಿ ಮಾತಾಡಲು ಬೇಕಾದ ದನಿ ಅಲ್ಲಿ ಆಗಲೇ ಸಿದ್ಧವಾಗಿದೆ.

ಇನ್ನು ನೀವು ಹೇಳಿದ ಪ್ರಮಾಣಪತ್ರದ ವಿಷಯ. ಇದು ತಹಶೀಲ್ದಾರರ ಕಚೇರಿಯ ಕಾಗದದ ಕೆಲಸವೆಂದು ಪಾಸ್ಟರ್ ಕೈಬಿಟ್ಟರೆ ತನ್ನ ಸಭೆಯನ್ನೇ ಅರ್ಥಮಾಡಿಕೊಂಡಿಲ್ಲವೆಂದಾಯಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಇಂದಿಗೂ ಹೊರಗೆ. ಕರ್ನಾಟಕದಲ್ಲಿ ಅವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಜಾಗ. ಉಳಿದ ಕ್ರೈಸ್ತರು 3ಬಿಯಲ್ಲಿ. ಹೀಗಾಗಿ ದೀಕ್ಷಾಸ್ನಾನ ಪಡೆದ ಮಾದಿಗ ಕುಟುಂಬಕ್ಕೆ ಊರವರ ಕಣ್ಣಲ್ಲಿ ಜಾತಿ ಉಳಿಯುತ್ತದೆ, ಆದರೆ ಪರಿಶಿಷ್ಟರ ಮೀಸಲಾತಿ ಹೋಗುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಗೂ ಅಡ್ಡಿ ಬರುತ್ತದೆ. ಮಗಳ ಹಾಸ್ಟೆಲ್ ಸೀಟಿಗಾಗಿ ಮನೆಯವರು ಒಂದು ಕಾಗದದಲ್ಲಿ ಒಂದು ಬರೆಸಿ, ಭಾನುವಾರ ಇನ್ನೊಂದಾಗಿ ಬಂದು ಕೂರುತ್ತಾರೆ. ಆ ಸಂಕಟವನ್ನು ಸುಳ್ಳೆಂದು ಗದರಿಸುವ ಪಾಸ್ಟರ್ ಬಡವರನ್ನು ಎರಡನೆಯ ಸಲ ಶಿಕ್ಷಿಸುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಕ್ರೈಸ್ತರ ಜಾತಿ ಹೆಸರುಗಳ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ಗಣತಿಯವರು ಮನೆ ಬಾಗಿಲಿಗೆ ಬಂದಾಗ ಏನು ಹೇಳಬೇಕೆಂದು ಜನ ಮೊದಲು ಕೇಳುವುದು ಪಾಸ್ಟರನ್ನೇ. 1950ರ ಆ ಆದೇಶ ಏನು, ಪ್ರವರ್ಗ ಎಂದರೇನು, ಈ ತಾರತಮ್ಯ ಏಕೆ ಅನ್ಯಾಯ ಎಂಬುದು ಸೆಮಿನರಿಯ ಮೊದಲ ವರ್ಷದಲ್ಲೇ ಕಲಿಸಬೇಕಾದ ಪಾಠ. ಜೊತೆಗೆ ಸಭೆಯೊಳಗಿನ ಜಾತಿಯನ್ನೂ ಅಲ್ಲೇ ಬಿಡಿಸಿ ನೋಡಬೇಕು. ಸಂಬಂಧ ಬೆಳೆಸುವಾಗ, ಸಮಾಧಿಗೆ ಜಾಗ ಕೊಡುವಾಗ, ಕಮಿಟಿಗೆ ಆರಿಸುವಾಗ ನಮ್ಮವರು ಏನು ಮಾಡುತ್ತಾರೆಂದು ಹೇಳದೆ ಹೊರಗಿನವರ ಜಾತಿಯನ್ನು ಖಂಡಿಸಿದರೆ ಯಾರೂ ನಂಬುವುದಿಲ್ಲ.

ಬೈಬಲನ್ನು ಬಿಟ್ಟು ಇದನ್ನೆಲ್ಲ ಕಲಿಯಬೇಕು ಎಂದು ನಾನು ಹೇಳುತ್ತಿಲ್ಲ. ನೆಹೆಮೀಯನ ಐದನೆಯ ಅಧ್ಯಾಯವನ್ನು ಯಲಬುರ್ಗಾದ ಹೆಂಗಸರ ಸ್ವಸಹಾಯ ಸಂಘದ ಜೊತೆ ಕೂತು ಓದಲಿ. ಬರಗಾಲದಲ್ಲಿ ಕಾಳಿಗಾಗಿ ಹೊಲ, ಮನೆ ಒತ್ತೆಯಿಟ್ಟವರು, ಅರಸನ ತೆರಿಗೆಗಾಗಿ ಸಾಲ ಮಾಡಿದವರು, ಹೆಣ್ಣುಮಕ್ಕಳನ್ನು ದಾಸ್ಯಕ್ಕೆ ಕಳಿಸಿದವರು ಅಲ್ಲಿ ಗೋಳಾಡುತ್ತಾರೆ. ನೆಹೆಮೀಯನು ಬಹಳ ಪ್ರಾರ್ಥಿಸುವ ಮನುಷ್ಯ. ಆದರೂ ಅವನು ಮಹಾಸಭೆ ಕೂಡಿಸಿ, ಬಡ್ಡಿ ತಿನ್ನುವ ಪ್ರಮುಖರನ್ನು ಎದುರಿಗೇ ನಿಲ್ಲಿಸಿ, ಹೊಲ ಹಿಂದಿರುಗಿಸುವುದಾಗಿ ಆಣೆ ಮಾಡಿಸುತ್ತಾನೆ. ಕಿರುಸಾಲದ ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಗೊತ್ತಿರುವ ಪಾಸ್ಟರ್, ಈ ಅಧ್ಯಾಯ ಓದಿದ ಮೇಲೆ ಸುಮ್ಮನೆ ಆಶೀರ್ವಾದ ಹೇಳಿ ಎದ್ದು ಹೋಗಲಾರ. ದ್ರಾಕ್ಷಿತೋಟದ ಕೂಲಿಗಳ ಸಾಮ್ಯ, ಗುಳೆ ಹೋಗಿ ಬಂದವರ ನಡುವೆ ಬೇರೆಯೇ ಅರ್ಥ ಪಡೆಯುತ್ತದೆ. ಸಂಜೆಯವರೆಗೂ ಯಾರೂ ಕರೆಯದೆ ಸರ್ಕಲ್ಲಿನಲ್ಲಿ ನಿಲ್ಲುವುದು ಏನೆಂದು ಅವರು ಪಾಸ್ಟರಿಗೇ ಹೇಳಿಕೊಡುತ್ತಾರೆ.

ಹಾಗಾದರೆ ಕಲಿಸುವುದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಪಠ್ಯಕ್ಕೆ ಇನ್ನೊಂದು ಪತ್ರಿಕೆ ಸೇರಿಸುವುದರಿಂದ ಹೆಚ್ಚೇನೂ ಆಗದು. ಕಲಿಯುವ ಜಾಗ ಬದಲಾಗಬೇಕು. ಕಲಿಯುವವರು ತಮ್ಮ ಊರು, ಕಸುಬು ಬಿಡದೆ ದೈವಶಾಸ್ತ್ರ ಓದುವ ವಿಸ್ತರಣಾ ಕ್ರಮವೊಂದು 1963ರಲ್ಲಿ ಗ್ವಾಟೆಮಾಲಾದಲ್ಲಿ ಶುರುವಾಯಿತು. ಅದೇ ಮಾದರಿಯ ಸಂಸ್ಥೆ 1971ರಲ್ಲಿ ಬೆಂಗಳೂರಿನಲ್ಲೂ ಹುಟ್ಟಿತು. ಸೆಮಿನರಿಗೆ ಹೋಗುವ ಒಬ್ಬ ಹುಡುಗನಷ್ಟೇ ಅಲ್ಲ, ಆಶಾ ಕಾರ್ಯಕರ್ತೆ, ಶಾಲೆಯ ಮಾಸ್ತರ, ಭತ್ತದ ಗದ್ದೆಯ ಕೂಲಿ, ಪಂಚಾಯಿತಿ ಸದಸ್ಯೆ ಎಲ್ಲರೂ ವಾರಕ್ಕೊಂದು ಸಂಜೆ ಕೂತು ಕಲಿಯಲು ಈ ದಾರಿಯಲ್ಲಿ ಸಾಧ್ಯ. ಪದವಿ ಓದುವವನೂ ಒಂದು ವರ್ಷ ಹಳ್ಳಿಯಲ್ಲೇ ಕಳೆಯಲಿ: ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಕೂರಲಿ, ಅರ್ಜಿ ಬರೆಯಲಿ, ಮಾಜಿ ದೇವದಾಸಿಯರ ಪಿಂಚಣಿ ಏಕೆ ನಿಂತಿತೆಂದು ಹೋಗಿ ಕೇಳಲಿ. ಅವನು ಪಾಸಾದನೋ ಇಲ್ಲವೋ ಎಂದು ಹೇಳುವಾಗ ಆ ಊರಿನವರ ಮಾತಿಗೂ ಬೆಲೆ ಇರಲಿ.

ಗೆರೆ ಎಳೆಯಬೇಕಾದ ಜಾಗವೂ ಇದೆ. ಧರ್ಮದ ಹೆಸರಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ. ಪೂಜಾಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕಾಯ್ದೆ ನಿಷೇಧಿಸುತ್ತದೆ. ಯಾರಿಗೆ ಓಟು ಹಾಕಬೇಕೆಂದು ವೇದಿಕೆಯಿಂದ ಹೇಳುವ ಪಾಸ್ಟರನ್ನು ಸಭೆಯ ಹಿರಿಯರೇ ತಡೆಯಬೇಕು. ಪಕ್ಷ ಹಿಡಿಯದೆ ಊರಿನ ಪರ ನಿಲ್ಲುವುದು ಹೇಗೆಂದು ನೋಡಲು ದೂರ ಹೋಗಬೇಕಿಲ್ಲ: ಕೊಪ್ಪಳದ ಪಕ್ಕದಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆಯ ವಿರುದ್ಧ 2025ರ ಫೆಬ್ರುವರಿ 24ರಂದು ಬಂದ್ ನಡೆದಾಗ ಗವಿಮಠದ ಸ್ವಾಮೀಜಿ ಜನರ ನಡುವೆ ಬಂದು ನಿಂತರು. ಹೊಗೆಗೆ, ಧೂಳಿಗೆ ಜಾತಿ ಧರ್ಮವಿಲ್ಲ. ಅಂಥ ಹೋರಾಟದಲ್ಲಿ ನಿಮ್ಮ ಅಳಿಯನೂ ಮಠದ ಭಕ್ತರ, ಮಸೀದಿಯವರ, ರೈತ ಸಂಘದವರ ಪಕ್ಕ ಕೂರಬಹುದು, ಕೂರಬೇಕು.

ನಮ್ಮವರು ಕಡಿಮೆ, ಸುಮ್ಮನಿದ್ದರೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆಂದು ಬಲ್ಲೆ. ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. 2022ರ ಮತಾಂತರ ತಡೆ ಕಾಯ್ದೆಯನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿದ ಮೇಲೂ, ಸಭೆ ಮಾಡುವ ಪ್ರತಿ ಉಪಕಾರವನ್ನು ಆಮಿಷವೆಂದು ಕಾಣುವ ಕಣ್ಣುಗಳು ಇದ್ದೇ ಇವೆ. ಅದಕ್ಕೇ ತರಬೇತಿ ಒಂದು ಶಿಸ್ತನ್ನು ಕಲಿಸಬೇಕು: ಅರ್ಜಿ ಬರೆಸಿಕೊಂಡವನಿಂದ ಪ್ರಾರ್ಥನೆಯ ಹಾಜರಿ ಕೇಳಬಾರದು, ಮಾಡುವ ಕೆಲಸ ಬೇರೆ ಸಂಘಟನೆಗಳ ಜೊತೆ, ಎಲ್ಲರ ಕಣ್ಣೆದುರು ನಡೆಯಬೇಕು. ನಿಮ್ಮ ಅಳಿಯ ಈಗಿನಿಂದಲೇ ಶುರು ಮಾಡಬಹುದು. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯಲ್ಲಿ ಕೇಳಿಕೊಂಡು, ಸಭೆಯ ಹೆಣ್ಣುಮಕ್ಕಳ ಜೊತೆ ಅಲ್ಲಿಗೆ ಹೋಗಲಿ. ಮೊದಲ ಸಲ ಮಾತಾಡುವುದು ಅವರೇ ಆಗಲಿ, ಅವನು ಕೇಳಿಸಿಕೊಳ್ಳಲಿ.