ಸ್ನಾಯು: ಒಂದು ಪದ, ಮೂರು ಅಂಗ

ಶಾಸ್ತ್ರವಿಷಯವನ್ನು ಕನ್ನಡಕ್ಕೆ ತರುವವರು ಎಡವುವುದು ದೊಡ್ಡ ಪರಿಕಲ್ಪನೆಗಳಲ್ಲಿ ಅಲ್ಲ, ಪರಿಚಿತವೆಂದು ತೋರುವ ಸಣ್ಣ ಪದಗಳಲ್ಲಿ. ‘ಸ್ನಾಯು’ ಅಂಥದೊಂದು ಪದ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದಕ್ಕೆ ಮಾಂಸಖಂಡವೆಂದರ್ಥ. ಬಂಗಾಳಿಯಲ್ಲಿ ಅದೇ ಪದಕ್ಕೆ ನರವೆಂದರ್ಥ; ಹಿಂದಿಯಲ್ಲಿಯೂ ಆ ಬಳಕೆ ಉಂಟು. ಸುಶ್ರುತಸಂಹಿತೆಯ ಶಾರೀರಸ್ಥಾನಕ್ಕೆ ಹೋದರೆ ಅದು ಇವೆರಡೂ ಅಲ್ಲ. ಅಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂಬ ಬೇರೆ ಹೆಸರಿದೆ, ಅವು 500. ಸ್ನಾಯುಗಳು 900, ಹಲಗೆಗಳನ್ನು ಬಿಗಿದು ದೋಣಿಯಾಗಿಸುವ ಕಟ್ಟುಗಳಂತೆ ಅವು ದೇಹವನ್ನು ಬಿಗಿದಿಡುತ್ತವೆ. ಗಡಿಭಾಗದ ವಿದ್ಯಾರ್ಥಿಗೆ ತೊಡಕು ಇನ್ನೂ ಒಂದು ಹೆಚ್ಚು: ಮರಾಠಿ ಪಠ್ಯದಲ್ಲಿ ನರಕ್ಕೆ ‘ಮಜ್ಜಾತಂತು’ ಎನ್ನುತ್ತಾರೆ, ಕನ್ನಡದ ಕಿವಿಗೆ ಮಜ್ಜೆ ಎಂದರೆ ಎಲುಬಿನೊಳಗಿನದು. (ಇಂಗ್ಲಿಷಿನ ‘ಮಸಲ್’ ಲ್ಯಾಟಿನ್ ಭಾಷೆಯ ‘ಪುಟ್ಟ ಇಲಿ’ಯಿಂದ ಬಂದುದು. ತೋಳು ಮಡಿಸಿದಾಗ ಚರ್ಮದಡಿ ಓಡುವುದು ಆ ಜನಕ್ಕೆ ಇಲಿಯಂತೆ ಕಂಡಿತ್ತು.)

ಇದು ಬರಿಯ ನಿಘಂಟಿನ ಕುತೂಹಲವಲ್ಲ. ಆಡುಮಾತಿನಲ್ಲಿ ಎಲ್ಲ ನಿಶ್ಶಕ್ತಿಯೂ ‘ನರದ ದೌರ್ಬಲ್ಯ’ವೇ. ನಾಲ್ಕು ವರ್ಷದ ಹುಡುಗ ಮೆಟ್ಟಿಲೇರಲಾರದಿದ್ದರೆ ಎಣ್ಣೆ ತಿಕ್ಕಿಸುತ್ತಾರೆ, ಟಾನಿಕ್ಕು ಕುಡಿಸುತ್ತಾರೆ. ಅಷ್ಟರಲ್ಲಿ ವರ್ಷಗಳು ಕಳೆಯುತ್ತವೆ.

ಅಂಥ ಹುಡುಗರನ್ನು ಕುರಿತ ವೈಜ್ಞಾನಿಕ ಬರವಣಿಗೆ ಹಳೆಯದು. 1851ರಲ್ಲಿ ಎಡ್ವರ್ಡ್ ಮೆರಿಯನ್ ಎಂಬ ವೈದ್ಯ ಲಂಡನ್ನಿನ ವೈದ್ಯಸಂಘದಲ್ಲಿ ಓದಿದ ಪ್ರಬಂಧ ಎರಡು ಕಾರಣಗಳಿಂದ ಸ್ಮರಣೀಯ. ಬೇನೆ ಕುಟುಂಬಗಳಲ್ಲಿ ಹರಿದುಬರುತ್ತದೆ, ಅದೂ ಗಂಡುಮಕ್ಕಳಿಗೆ ಬರುತ್ತದೆ ಎಂದು ಅವನು ಗುರುತಿಸಿದನು. ಬೆನ್ನುಹುರಿಯೂ ನರಗಳೂ ಕೆಟ್ಟಿಲ್ಲ, ಸ್ನಾಯುತಂತುವಿನ ಹೊರಪೊರೆಯೇ ಒಡೆದಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡನು. ಆದರೂ ರೋಗಕ್ಕೆ ಹೆಸರು ಬಂದದ್ದು ಫ್ರಾನ್ಸಿನ ಡ್ಯುಶೆನ್ ಎಂಬವನದು. ಅವನು 1868ರಲ್ಲಿ 13 ಮಕ್ಕಳ ವಿವರಣೆ ಪ್ರಕಟಿಸಿದನು; ಬದುಕಿರುವ ರೋಗಿಯ ಸ್ನಾಯುವಿನಿಂದ ಚೂರು ತೆಗೆಯುವ ಸೂಜಿಯೊಂದನ್ನೂ ರೂಪಿಸಿದನು. 1879ರಲ್ಲಿ ಗವರ್ಸ್ ಈ ಮಕ್ಕಳು ನೆಲದಿಂದ ಏಳುವ ಬಗೆಯನ್ನು ಚಿತ್ರಿಸಿದನು: ಕೈಗಳನ್ನು ಮೊದಲು ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನು ತಾನೇ ಹತ್ತಿದಂತೆ. ಮೀನಖಂಡ ಮಾತ್ರ ದಪ್ಪಗೆ ಕಾಣುತ್ತದೆ. ತುಂಬಿದ ಕಾಲೆಂದು ಮನೆಯವರು ಹಿಗ್ಗುತ್ತಾರೆ. ಒಳಗೆ ಸ್ನಾಯು ಸವೆದು ಕೊಬ್ಬು ಸೇರಿರುತ್ತದೆ.

ಈ ರೋಗವರ್ಗದ ಹೆಸರು ‘ಡಿಸ್ಟ್ರೋಫಿ’. ಗ್ರೀಕಿನಲ್ಲಿ ಅದರ ಅರ್ಥ ಕೆಟ್ಟ ಪೋಷಣೆ. ಸ್ನಾಯುವಿಗೆ ಆಹಾರ ಸಾಲದೆ ಬರುವ ಬೇನೆ ಎಂಬ ಹಳೆಯ ಊಹೆ ಹೆಸರಿನಲ್ಲಿ ಉಳಿದುಬಿಟ್ಟಿದೆ. ಕನ್ನಡದಲ್ಲಿ ಕೆಲವರು ಇದನ್ನು ‘ಸ್ನಾಯುಕ್ಷಯ’ ಎಂದು ಬರೆಯುತ್ತಾರೆ. ಸಂಸ್ಕೃತದ ದೃಷ್ಟಿಯಿಂದ ಪದ ಶುದ್ಧ, ಬಳಕೆಯ ದೃಷ್ಟಿಯಿಂದ ಅಪಾಯಕಾರಿ. ಕ್ಷಯವೆಂದರೆ ಕನ್ನಡಿಗರಿಗೂ ಮರಾಠಿಗರಿಗೂ ಟಿ.ಬಿ. ಅಂಟುರೋಗವಲ್ಲದ ಬೇನೆಯ ಮಗುವನ್ನು ನೆರೆಯವರು ದೂರವಿಡಲು ಈ ಒಂದು ಪದ ಸಾಕು. ‘ಸ್ನಾಯುಸವೆತ’ ಎಂಬುದು ಅಚ್ಚುಕಟ್ಟಾದ ಪದ. ಅದು ಯಾರನ್ನೂ ಹೆದರಿಸುವುದಿಲ್ಲ.

ಮೆರಿಯನ್ ಕಂಡ ಒಡೆದ ಪೊರೆಗೆ ಕಾರಣ ತಿಳಿಯಲು 130 ವರ್ಷಗಳಿಗೂ ಹೆಚ್ಚು ಹಿಡಿಯಿತು. 1986ರಲ್ಲಿ ಬೋಸ್ಟನ್ನಿನ ಲೂಯಿ ಕುಂಕೆಲ್ ಮತ್ತು ಸಂಗಡಿಗರು ಕಾರಣವಾದ ಜೀನನ್ನು ಪತ್ತೆಹಚ್ಚಿದರು. ಮರುವರ್ಷ ಅದು ತಯಾರಿಸುವ ಪ್ರೋಟೀನು ದೊರೆತು, ‘ಡಿಸ್ಟ್ರೋಫಿನ್’ ಎಂಬ ಹೆಸರು ಪಡೆಯಿತು. ಸ್ನಾಯುತಂತುವಿನ ಒಳಹಂದರವನ್ನು ಹೊರಪೊರೆಗೆ ಕಟ್ಟುವುದು ಅದರ ಕೆಲಸ. ಅದಿಲ್ಲದಿದ್ದರೆ ಪ್ರತಿ ಸಂಕೋಚನಕ್ಕೂ ಪೊರೆ ಹರಿಯುತ್ತದೆ. ಮನುಷ್ಯನ ಅತ್ಯಂತ ಉದ್ದದ ಜೀನುಗಳಲ್ಲಿ ಇದೂ ಒಂದು: 20 ಲಕ್ಷಕ್ಕೂ ಹೆಚ್ಚು ಅಕ್ಷರಗಳು, ಅರ್ಥವಾಹಕ ತುಣುಕುಗಳು 79.

ಇಲ್ಲಿ ಒಂದು ಒಗಟು ಎದುರಾಯಿತು. ಕೆಲವು ಹುಡುಗರಲ್ಲಿ ಜೀನಿನ ಸಣ್ಣ ತುಣುಕು ಬಿಟ್ಟುಹೋದರೂ ರೋಗ ತೀವ್ರ. ಹನ್ನೆರಡರ ಸುಮಾರಿಗೆ ನಡಿಗೆ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ದೊಡ್ಡ ಭಾಗವೇ ಹೋಗಿದ್ದರೂ ‘ಬೆಕರ್’ ಎಂಬ ಸೌಮ್ಯರೂಪ. ಎಷ್ಟೋ ಜನ ನಡುವಯಸ್ಸಿನವರೆಗೂ ನಡೆಯುತ್ತಾರೆ. 1988ರಲ್ಲಿ ದೊರೆತ ಉತ್ತರ ವಿಜ್ಞಾನದ ವಿದ್ಯಾರ್ಥಿಗಿಂತ ಛಂದಸ್ಸು ಓದಿದವರಿಗೆ ಬೇಗ ತಿಳಿಯುತ್ತದೆ.

ಅಕ್ಷರವೃತ್ತದಲ್ಲಿ ಮೂರು ಅಕ್ಷರಕ್ಕೆ ಒಂದು ಗಣ. ಗುರು, ಲಘು ಎಂಬ ಎರಡರಿಂದ ಮೂರು ಸ್ಥಾನ ತುಂಬಿದರೆ 8 ಗಣಗಳಾಗುತ್ತವೆ. ಜೀನಿನಲ್ಲಿಯೂ ಓದು ಮೂರು ಮೂರು ಅಕ್ಷರಗಳದೇ; ಅಲ್ಲಿ ಅಕ್ಷರಗಳು ನಾಲ್ಕು, ಹಾಗಾಗಿ ಗಣಗಳು 64. ಈಗ ಚಂಪಕಮಾಲೆಯನ್ನು ನೆನೆಯಬೇಕು: 21 ಅಕ್ಷರ, ನ ಜ ಭ ಜ ಜ ಜ ರ. ಅದರ ಮೊದಲ ಎರಡು ಲಘುಗಳ ಜಾಗದಲ್ಲಿ ಒಂದು ಗುರುವನ್ನಿಟ್ಟರೆ 20 ಅಕ್ಷರದ ಉತ್ಪಲಮಾಲೆಯಾಗುತ್ತದೆ: ಭ ರ ನ ಭ ಭ ರ, ಮೇಲೆ ಲ ಗ. ಮುಂದಿನ ಗುರುಲಘುಗಳ ಸಾಲಿನಲ್ಲಿ ಒಂದೂ ಬದಲಾಗಿಲ್ಲ. ಆದರೂ ಒಂದು ಗಣವೂ ತನ್ನ ಸ್ಥಾನದಲ್ಲಿ ಉಳಿದಿಲ್ಲ. ಒಂದೇ ಅಕ್ಷರದ ಕೊರತೆ ಪಾದಾಂತ್ಯದವರೆಗೂ ಗಣವಿಭಜನೆಯನ್ನು ಸರಿಸಿಬಿಟ್ಟಿತು. ಛಂದಸ್ಸಿನಲ್ಲಿ ಅದೃಷ್ಟವಶಾತ್ ಇನ್ನೊಂದು ಸುಂದರ ವೃತ್ತ ಹುಟ್ಟಿತು. ಜೀನಿನಲ್ಲಿ ಹುಟ್ಟುವುದು ಅಸಂಬದ್ಧ. ಬೇಗನೆ ‘ನಿಲ್ಲು’ ಎಂಬ ಗಣ ಎದುರಾಗಿ ಪ್ರೋಟೀನು ಅರ್ಧಕ್ಕೇ ನಿಲ್ಲುತ್ತದೆ. ಇದು ಡ್ಯುಶೆನ್. ಬದಲಾಗಿ ಇಡಿಯಿಡಿಯಾಗಿ ಗಣಗಳೇ ಬಿಟ್ಟುಹೋದರೆ ಪಾದ ಗಿಡ್ಡವಾಗುತ್ತದೆ, ಉಳಿದ ಗಣಗಳು ಕೆಡುವುದಿಲ್ಲ. ಗಿಡ್ಡ ಡಿಸ್ಟ್ರೋಫಿನ್ನು ಅಷ್ಟಿಷ್ಟು ಕೆಲಸ ಮಾಡುತ್ತದೆ. ಇದು ಬೆಕರ್. ಅಪವಾದಗಳಿವೆ, ಆದರೂ ನಿಯಮ ಬಹುಮಟ್ಟಿಗೆ ನಿಲ್ಲುತ್ತದೆ.

ಇದರಿಂದಲೇ ಒಂದು ವಿಚಿತ್ರ ಚಿಕಿತ್ಸೆ ಹುಟ್ಟಿತು. ಬಿಟ್ಟುಹೋದುದನ್ನು ತುಂಬುವ ಬದಲು, ಪಕ್ಕದ ಇನ್ನೊಂದು ತುಣುಕನ್ನು ಓದದಂತೆ ಮರೆಮಾಡುವುದು. ಒಟ್ಟು ಕೊರತೆ ಮೂರರ ಗುಣಕವಾದರೆ ಗಣವಿಭಜನೆ ಮತ್ತೆ ಸರಿಯಾಗುತ್ತದೆ. 51ನೆಯ ತುಣುಕನ್ನು ಮರೆಮಾಡುವ ಎಟೆಪ್ಲಿರ್ಸೆನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಅದು ಸುಮಾರು 13 ಪ್ರತಿಶತ ರೋಗಿಗಳಿಗೆ ಮಾತ್ರ ಸಲ್ಲುತ್ತದೆ. ಹೆಚ್ಚುವ ಡಿಸ್ಟ್ರೋಫಿನ್ ಬಹಳ ಕಡಿಮೆ, ಪ್ರಯೋಜನದ ಬಗ್ಗೆ ವಿವಾದವಿದೆ. ತತ್ತ್ವ ಸೊಗಸಾಗಿದೆ ಎಂದ ಮಾತ್ರಕ್ಕೆ ಫಲ ಅಷ್ಟೇ ಸೊಗಸಾಗಿರಬೇಕಿಲ್ಲ. ಇಂದಿಗೂ ಹೆಚ್ಚಿನ ಮಕ್ಕಳಿಗೆ ನಡಿಗೆಯ ಕೆಲವು ವರ್ಷಗಳನ್ನು ಉಳಿಸಿಕೊಡುತ್ತಿರುವುದು ಹಳೆಯ ಸ್ಟೀರಾಯ್ಡುಗಳೇ.

ಇನ್ನೊಂದು ವರ್ಗದ ಬೇನೆಗಳು ಹುಟ್ಟಿನಿಂದ ಬಂದವಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ಸ್ನಾಯುವಿನ ಮೇಲೆ ತಿರುಗಿಬೀಳುವುದು ಇಲ್ಲಿನ ಕಾರಣ. ಹೆಸರು ‘ಮಯೋಸೈಟಿಸ್’, ಕನ್ನಡದಲ್ಲಿ ಸ್ನಾಯುವಿನ ಉರಿಯೂತ. ಉರಿ, ಊತ ಎರಡನ್ನೂ ಕೂಡಿಸಿದ ಈ ಸಮಾಸ ಸಾಮಾನ್ಯವಾಗಿ ಚೆನ್ನಾದುದು; ಮರಾಠಿಯ ‘ದಾಹ’ಕ್ಕಿಂತ ಒಂದು ಲಕ್ಷಣವನ್ನು ಹೆಚ್ಚು ಹೇಳುತ್ತದೆ. ಆದರೆ ಇಲ್ಲಿ ಅದು ದಾರಿತಪ್ಪಿಸಬಲ್ಲದು. ಅನೇಕ ರೋಗಿಗಳಿಗೆ ಉರಿಯೂ ಇಲ್ಲ, ಊತವೂ ಕಾಣದು. ತಲೆ ಬಾಚಲು ಕೈ ಏಳದು, ಕುಕ್ಕರಗಾಲಿನಲ್ಲಿ ಕುಳಿತರೆ ಎದ್ದೇಳಲಾಗದು, ಅಷ್ಟೇ. ಡರ್ಮಟೋಮಯೋಸೈಟಿಸ್ ಎಂಬ ಬಗೆಯಲ್ಲಿ ಕಣ್ಣರೆಪ್ಪೆಗೆ ನೇರಳೆ ಛಾಯೆ, ಬೆರಳಗೆಣ್ಣುಗಳ ಮೇಲೆ ಕೆಂಪು ಗಂಟುಗಳು ಬಂದು ಗುರುತು ಕೊಡುತ್ತವೆ. ಇದಕ್ಕೆ ಮದ್ದುಂಟು. ಸ್ಟೀರಾಯ್ಡುಗಳ ಜೊತೆಗೆ, ರಕ್ತದಾನಿಗಳಿಂದ ಸಂಗ್ರಹಿಸಿದ ಪ್ರತಿಕಾಯಗಳೂ ಫಲಕಾರಿ ಎಂದು 2022ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು.

ಆದ್ದರಿಂದ ಎರಡು ವರ್ಗಗಳನ್ನು ಬೇರ್ಪಡಿಸುವುದರಲ್ಲಿ ರೋಗಿಯ ಬದುಕೇ ಅಡಗಿದೆ. ಡಿಸ್ಫರ್ಲಿನ್ ಎಂಬ ಪ್ರೋಟೀನು ಕೆಟ್ಟು ಬರುವ ಆನುವಂಶಿಕ ಸವೆತದಲ್ಲಿ ಸ್ನಾಯುವಿನ ಚೂರನ್ನು ಪರೀಕ್ಷಿಸಿದರೆ ಉರಿಯೂತದ ಕಣಗಳು ಕಾಣುತ್ತವೆ. ಅದನ್ನು ಮಯೋಸೈಟಿಸ್ ಎಂದು ತಿಳಿದು, ಪ್ರಯೋಜನವಿಲ್ಲದ ಸ್ಟೀರಾಯ್ಡು ವರ್ಷಗಟ್ಟಲೆ ಕೊಟ್ಟ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ಸಾಕಷ್ಟಿವೆ. ತದ್ವಿರುದ್ಧವೂ ನಡೆಯುತ್ತದೆ. ಪ್ರತಿಕಾಯಗಳಿಂದ ಬರುವ, ಚಿಕಿತ್ಸೆಗೆ ಬಗ್ಗುವ ಬೇನೆಯೊಂದು ನಿಧಾನವಾಗಿ ಬೆಳೆದಾಗ ಆನುವಂಶಿಕವೆಂದೇ ತೋರುತ್ತದೆ. ಹಣೆಬರಹವೆಂದು ಕೈಬಿಟ್ಟ ರೋಗಿ ಗುಣವಾಗಬಹುದಾದವನು ಎಂದು ಒಂದು ರಕ್ತಪರೀಕ್ಷೆ ಹೇಳಬಲ್ಲದು.

ಕೊನೆಗೆ ‘ಆನುವಂಶಿಕ’ ಎಂಬ ಪದವನ್ನೇ ನೋಡಬೇಕು. ವಂಶವೆಂದರೆ ರೂಢಿಯಲ್ಲಿ ತಂದೆಯ ಕುಲ. ‘ನಮ್ಮ ವಂಶದಲ್ಲಿ ಇದಿಲ್ಲ’ ಎಂದು ತಂದೆಯ ಮನೆಯವರು ಹೇಳಿದಾಗ ಬೆರಳು ಸೊಸೆಯತ್ತ ತಿರುಗುತ್ತದೆ. ಡ್ಯುಶೆನ್ ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುವುದು ನಿಜ. ಆದರೆ ಸುಮಾರು ಮೂರನೆಯ ಒಂದು ಪಾಲು ಮಕ್ಕಳಲ್ಲಿ ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆದುದು, ತಾಯಿಯ ರಕ್ತದಲ್ಲಿ ಅದು ಇರುವುದೇ ಇಲ್ಲ. ಇರುವ ತಾಯಂದಿರ ಪ್ರತಿ ಮಗಳಿಗೂ ಅದು ದಾಟುವ ಸಂಭವ ಅರ್ಧದಷ್ಟು. ಆ ಹೆಣ್ಣುಮಗಳಿಗೆ ವರದಿಗಳಲ್ಲಿ ‘ರೋಗವಾಹಕಿ’ ಎಂದು ಬರೆಯುವುದುಂಟು. ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಲ್ಲಿ ರೋಗವಾಹಕವೆಂದರೆ ಸೊಳ್ಳೆ. ‘ಬದಲಾದ ಜೀನು ಉಳ್ಳವಳು’ ಎಂದರೆ ಎರಡು ಪದ ಹೆಚ್ಚಾಗುತ್ತವೆ, ಅಷ್ಟೇ. ಆಕೆಯ ಹೃದಯವನ್ನೂ ಆಗಾಗ ಪರೀಕ್ಷಿಸಬೇಕೆಂಬುದು ಆ ವರದಿಯ ಮುಂದಿನ ಸಾಲಿನಲ್ಲಿರಬೇಕು. ಬದಲಾದ ಜೀನು ಕೆಲವು ಹೆಣ್ಣುಮಕ್ಕಳ ಹೃದಯಸ್ನಾಯುವನ್ನೂ ಸವೆಸುತ್ತದೆ.